ಹಾಸನದಿಂದ ಮಲ್ಲೇಶ್ವರಕ್ಕೆ, ಒಂದು ಕಪ್ಪು ರಬ್ಬರ್ ಸಮೇತ

ಅಕ್ಕನ ಮಗಳು ಟೇಬಲ್ ಟೆನಿಸ್ ಆಡುತ್ತಾಳೆ. ಹನ್ನೆರಡು ವರ್ಷ. ಬೆಂಗಳೂರಿನಲ್ಲಿ ಟೂರ್ನಮೆಂಟ್, ಭಾವನಿಗೆ ರಜೆ ಇಲ್ಲ, ಮಾಮ ಹೇಗೂ ಭಾನುವಾರ ಸುಮ್ನೆ ಮಲಗಿರ್ತಾನೆ ಅಂತ ನನ್ನನ್ನು ಜೊತೆ ಮಾಡಿ ಕಳಿಸಿದರು. ಬೆಳಗ್ಗೆ ನಾಲ್ಕೂವರೆ ಬಸ್ಸು. ಚನ್ನರಾಯಪಟ್ಟಣ ದಾಟುವ ತನಕ ಪುಟ್ಟಿ ಬ್ಯಾಟಿನ ಕವರ್ ತಬ್ಬಿಕೊಂಡು ನಿದ್ದೆ. ಬೆಳ್ಳೂರು ಕ್ರಾಸಿನಲ್ಲಿ ನಾನು ಕಾಫಿ ಕುಡಿದೆ. ನೆಲಮಂಗಲ ಬಂದಾಗ ಬೆಳಕಾಗಿತ್ತು, ಟ್ರಾಫಿಕ್ ಕೂಡ ಎದ್ದಿತ್ತು. ಮೆಜೆಸ್ಟಿಕ್ ತನಕ ಬಸ್ಸಿನಲ್ಲೇ ಕೂತರೆ ಕೆಟ್ಟೆವು ಅಂತ ಗೊರಗುಂಟೆಪಾಳ್ಯದಲ್ಲೇ ಇಳಿದು ಮೆಟ್ರೋ ಹತ್ತಿ, ಸಂಪಿಗೆ ರಸ್ತೆ ಸ್ಟೇಷನ್ನಿನಲ್ಲಿ ಇಳಿದೆವು. ಅಲ್ಲಿಂದ ಮಲ್ಲೇಶ್ವರದ ಒಳಗೆ ನಡಿಗೆ. ಹೂವಿನವರು ಆಗಲೇ ಮಾರು ಅಳೆಯುತ್ತಿದ್ದರು, ಎಲ್ಲೋ ಫಿಲ್ಟರ್ ಕಾಫಿ ವಾಸನೆ, ಪುಟ್ಟಿಗೆ ಯಾವುದರ ಮೇಲೂ ಗಮನವಿಲ್ಲ.

ಹಾಲ್ ಒಳಗೆ ಎಂಟು ಟೇಬಲ್. ಫ್ಯಾನ್ ಬಂದ್ ಮಾಡಿದ್ದರು, ಗಾಳಿಗೆ ಚೆಂಡು ಓಡುತ್ತದಲ್ಲ. ಚೆಂಡಿನ ಸದ್ದು ಕೇಳಿದ ತಕ್ಷಣ ನನಗೆ ಏನೋ ಬೇರೆ ಅನ್ನಿಸಿತು. ನಾನು ಕಾಲೇಜಿನಲ್ಲಿ ಆಡುತ್ತಿದ್ದಾಗ ಚೆಂಡು 38 ಮಿಲಿಮೀಟರ್, ಸೆಲ್ಯುಲಾಯ್ಡಿನದು, ಟಕ್ ಟಕ್ ಅಂತ ಚುರುಕಾದ ಸದ್ದು. ಒಡೆದ ಚೆಂಡಿಗೆ ಹಾಸ್ಟೆಲ್ ಹಿಂದೆ ಬೆಂಕಿ ಹಚ್ಚಿದರೆ ಭಗ್ ಅಂತ ಉರಿಯುತ್ತಿತ್ತು, ಅದೇ ನಮಗೆ ದೀಪಾವಳಿ. ಈಗಿನದು 40 ಮಿಲಿಮೀಟರಿನ ಪ್ಲಾಸ್ಟಿಕ್, ಸದ್ದು ಸ್ವಲ್ಪ ಮಂಕು. ಚೆಂಡು ದೊಡ್ಡದಾಗಿದ್ದು 2000ದಲ್ಲಿ, ಸೆಲ್ಯುಲಾಯ್ಡ್ ಹೋಗಿ ಪ್ಲಾಸ್ಟಿಕ್ ಬಂದಿದ್ದು 2014ರಲ್ಲಿ. 21 ಪಾಯಿಂಟಿನ ಗೇಮ್ ಕೂಡ 2001ರಲ್ಲೇ 11ಕ್ಕೆ ಇಳಿದಿದೆ. ಚಕ್ಕಳಮಕ್ಕಳ ಹಾಕಿಕೊಂಡು ಕೂರುವಷ್ಟರಲ್ಲಿ ಒಂದು ಗೇಮ್ ಮುಗಿದಿರುತ್ತದೆ.

ಇಷ್ಟನ್ನೆಲ್ಲ ಯಾರು ಬದಲಾಯಿಸುತ್ತಾರೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ. ಒಂಬತ್ತೂ ಕಾಲಿಗೆ ಯೋಚಿಸಲೇಬೇಕಾಯಿತು.

ಬ್ಯಾಟ್ ಚೆಕ್ ಮಾಡುತ್ತಿದ್ದ ಅಂಪೈರ್ ಮೇಡಂ ಪುಟ್ಟಿಯ ಬ್ಯಾಟನ್ನು ಆ ಕಡೆ ಈ ಕಡೆ ತಿರುಗಿಸಿದರು. ಕೆಂಪು ಕಡೆ ಸರಿ. ಕಪ್ಪು ಕಡೆ ಹಿಡಿಯ ಹತ್ತಿರ ಬೆರಳಿಟ್ಟು, "ಇದರಲ್ಲಿ ಐಟಿಟಿಎಫ್ ಮಾರ್ಕೇ ಇಲ್ವಲ್ಲಮ್ಮ" ಅಂದರು. ಐಟಿಟಿಎಫ್ ಅಂದರೆ ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್, ಈ ಆಟದ ನಿಯಮ ಮಾಡುವವರು. ಕೆಂಪು ರಬ್ಬರಿನ ಅಂಚಿನಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಒಂದು ಮುದ್ರೆ ಇತ್ತು, ಕಪ್ಪಿನಲ್ಲಿ ಬರೀ ಕಂಪನಿ ಹೆಸರು. ನಮ್ಮೂರಿನ ಅಂಗಡಿಯವನು "ಎಲ್ಲಾ ಒಂದೇ ಸರ್, ಇದು ಸ್ವಲ್ಪ ಕಡಿಮೆ ರೇಟು" ಅಂತ ಕೊಟ್ಟಿದ್ದ. ಕೊಡಿಸಿದವನು ನಾನೇ. ಪುಟ್ಟಿ ನನ್ನ ಮುಖ ನೋಡಲಿಲ್ಲ. ಬೇರೆಯವರ ಬ್ಯಾಟಿನಲ್ಲಿ ಆಡು ಅಂದರೆ ಒಲ್ಲೆ ಅಂದಳು. ಅದು ಸರಿಯೇ, ಬೇರೆಯವರ ಚಪ್ಪಲಿ ಹಾಕಿಕೊಂಡು ಓಡು ಅಂದ ಹಾಗಲ್ವಾ? ಅವಳ ಮ್ಯಾಚ್ ಹನ್ನೊಂದೂವರೆಗೆ.

ಓಡಿದೆ. ಮೊದಲನೇ ಅಂಗಡಿ ಭಾನುವಾರ ರಜೆ, ಎರಡನೆಯದರಲ್ಲಿ ಬರೀ ಕ್ರಿಕೆಟ್, ಆಟೋದವರು ಹೇಳಿದ ಮೂರನೆಯದರಲ್ಲಿ ಸಿಕ್ಕಿತು. ಕಪ್ಪು ರಬ್ಬರ್, ಮುದ್ರೆ ಇದೆ, 1,900 ರೂಪಾಯಿ. ಅಂಟಿನ ಪುಟ್ಟ ಟ್ಯೂಬು ಬೇರೆ. ವಾಪಸ್ ಬಂದಾಗ ಹತ್ತೂ ಹತ್ತು, ಆದರೆ ಅಂಟಿಸುವುದು ಹೇಗೆ ಅಂತ ಇಬ್ಬರಿಗೂ ಗೊತ್ತಿಲ್ಲ.

ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು "ಕೊಡಿ ಇಲ್ಲಿ" ಅಂತ ಕೈ ಚಾಚಿದರು. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಬಹಳ ವರ್ಷ ಅಂಪೈರಿಂಗ್ ಮಾಡಿದ್ದಾರಂತೆ. ಹಳೇ ರಬ್ಬರನ್ನು ಹಿಡಿಯ ಕಡೆಯಿಂದ ನಿಧಾನ ಕಿತ್ತರು. ಮರದ ಮೇಲೆ ಉಳಿದ ಅಂಟನ್ನು ಹೆಬ್ಬೆರಳಲ್ಲಿ ಉಜ್ಜಿ ಉಜ್ಜಿ ಉಂಡೆ ಮಾಡಿ ತೆಗೆದರು. ಹೊಸ ಅಂಟು ಹಾಲಿನ ಹಾಗೆ ಬೆಳ್ಳಗೆ. ಸ್ಪಂಜಿನ ಚೂರಿನಿಂದ ಮರಕ್ಕೂ ರಬ್ಬರಿಗೂ ತೆಳ್ಳಗೆ ಸವರಿ, "ಈಗ ಮುಟ್ಟಬೇಡಿ, ಬಿಳಿ ಹೋಗಿ ಗಾಜಿನ ಹಾಗೆ ಆಗಬೇಕು" ಅಂದರು.

"ನಮ್ಮ ಕಾಲದಲ್ಲಿ ಸೈಕಲ್ ಪಂಕ್ಚರ್ ಸಲ್ಯೂಷನ್ ಹಚ್ಚುತ್ತಿದ್ದೆವು ಕಣ್ರೀ. ಚೆಂಡು ಹಾರಿಕೊಂಡು ಹೋಗೋದು. ಹಾಲ್ ತುಂಬ ಅದರದ್ದೇ ವಾಸನೆ, ತಲೆ ಧಿಮ್ ಅನ್ನೋದು." ಆ ಅಂಟಿನ ಹಬೆ ಆರೋಗ್ಯಕ್ಕೆ ಕೆಟ್ಟದ್ದು ಅಂತ 2008ರ ಬೀಜಿಂಗ್ ಒಲಿಂಪಿಕ್ಸ್ ಆದಮೇಲೆ ಐಟಿಟಿಎಫ್ ಅದನ್ನು ನಿಷೇಧಿಸಿತು. ಹಾಗಾಗಿ ಈಗ ಈ ನೀರಿನ ಅಂಟು, ಈ ಕಾಯುವ ಕೆಲಸ.

ಕಾಯುತ್ತಾ ನಾನು ಗೊಣಗಿದೆ. ಎಲ್ಲೋ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಆಫೀಸ್ ಇಟ್ಟುಕೊಂಡಿರುವವರು ಹಾಸನದ ಹುಡುಗಿಯ ಬ್ಯಾಟಿಗೆ ಯಾಕೆ ಮುದ್ರೆ ಒತ್ತಬೇಕು ಸರ್?

ಅವರು ನಕ್ಕರು. "ಈ ಕಿರಿಕ್ ಶುರುವಾಗಿದ್ದೇ ನಮ್ಮ ಬೊಂಬಾಯಿಯಲ್ಲಿ."

1952ರಲ್ಲಿ ವಿಶ್ವ ಚಾಂಪಿಯನ್‌ಶಿಪ್ ಬೊಂಬಾಯಿಗೆ ಬಂದಿತ್ತು, ಏಷ್ಯಾದಲ್ಲಿ ಅದೇ ಮೊದಲು. ಆಗ ಎಲ್ಲರದ್ದೂ ಸ್ಪಂಜಿಲ್ಲದ, ಚಿಕ್ಕ ಚಿಕ್ಕ ಉಬ್ಬುಗಳಿರುವ ರಬ್ಬರ್. ಚೆಂಡು ತಗುಲಿದ ಸದ್ದು ಕೇಳಿಯೇ ಎದುರಿನವನು ಏಟಿನ ಜೋರು ಲೆಕ್ಕ ಹಾಕುತ್ತಿದ್ದ. ಜಪಾನಿನ ಹಿರೋಜಿ ಸಾತೋ ಬ್ಯಾಟಿಗೆ ದಪ್ಪ ಸ್ಪಂಜು ಅಂಟಿಸಿಕೊಂಡು ಬಂದ. ಸದ್ದೇ ಇಲ್ಲ! ಚೆಂಡು ಸ್ಪಂಜಿನಲ್ಲಿ ಮುಳುಗಿ, ಎಷ್ಟು ಜೋರಾಗಿ ಬರುತ್ತದೆ ಅಂತ ಗೊತ್ತಾಗದ ಹಾಗೆ ಹೊರಗೆ ಬರುತ್ತಿತ್ತು. ಯೂರೋಪಿನ ಘಟಾನುಘಟಿಗಳು ಕಕ್ಕಾಬಿಕ್ಕಿ. ಫೈನಲ್‌ನಲ್ಲಿ ಹಂಗೇರಿಯ ಕೊಸಿಯಾನ್‌ನನ್ನು ಸೋಲಿಸಿ ಸಾತೋ ಚಾಂಪಿಯನ್ ಆದ. ಆಮೇಲೆ ಸ್ಪಂಜಿಗೆ ಇರಲಿ, ಬೇಡ ಅಂತ ವರ್ಷಗಟ್ಟಲೆ ಜಗಳ. ಕೊನೆಗೆ 1959ರಲ್ಲಿ ಬ್ಯಾಟಿನ ಮೇಲೆ ಏನಿರಬಹುದು, ಎಷ್ಟು ದಪ್ಪ ಇರಬಹುದು ಅಂತ ನಿಯಮ ಬಂತು. ಸ್ಪಂಜು, ಅಂಟು ಎಲ್ಲಾ ಸೇರಿ 4 ಮಿಲಿಮೀಟರ್, ಈಗಲೂ ಅಷ್ಟೇ.

ಎರಡು ಬಣ್ಣದ ಕಥೆಯೂ ಇಂಥದ್ದೇ. ಎರಡು ಕಡೆ ಎರಡು ಗುಣದ ರಬ್ಬರ್, ಎರಡೂ ಒಂದೇ ಬಣ್ಣ, ಟೇಬಲ್ ಕೆಳಗೆ ಬ್ಯಾಟ್ ತಿರುಗಿಸಿಬಿಟ್ಟರೆ ಎದುರಿನವರಿಗೆ ಯಾವ ಕಡೆಯಿಂದ ಹೊಡೆದರು ಅಂತ ತಿಳಿಯದು. ಅದಕ್ಕೇ 1986ರಿಂದ ಒಂದು ಕಡೆ ಕೆಂಪು, ಇನ್ನೊಂದು ಕಡೆ ಕಪ್ಪು. ಈಚೆಗೆ ಕೆಂಪಿನ ಬದಲು ನೀಲಿ, ಹಸಿರು, ಗುಲಾಬಿಯೂ ನಡೆಯುತ್ತದೆ. ಇದು ಕೇಳಿ ಪುಟ್ಟಿ ಮೊದಲ ಸಲ ತಲೆ ಎತ್ತಿದಳು.

ಈ ಆಟದ ನೆಪದಲ್ಲಿ ಅಮೆರಿಕ, ಚೀನಾ ಹತ್ತಿರವಾದ ಪಿಂಗ್‌ಪಾಂಗ್ ರಾಜತಾಂತ್ರಿಕತೆಯ ಕಥೆ ಎಲ್ಲರೂ ಹೇಳುತ್ತಾರೆ, ನಾನು ಬಿಡುತ್ತೇನೆ. ನನಗೆ ಹಿಡಿಸಿದ್ದು ಬೇರೆ. 1926ರಲ್ಲಿ ಈ ಐಟಿಟಿಎಫ್ ಸಂಸ್ಥೆ ಹುಟ್ಟಿದಾಗ ಇದ್ದಿದ್ದು ಬರೀ ಒಂಬತ್ತು ಸದಸ್ಯರು, ಅದರಲ್ಲಿ ಭಾರತ ಒಂದು! ಸ್ವಾತಂತ್ರ್ಯಕ್ಕೆ ಇನ್ನೂ 20 ವರ್ಷಕ್ಕೂ ಜಾಸ್ತಿ ಬಾಕಿ ಇತ್ತು. ಮೊದಲ ಅಧ್ಯಕ್ಷ ಐವರ್ ಮೊಂಟಾಗು ಸಾಹುಕಾರರ ಮನೆಯ ಮಗ, ಸಿನಿಮಾ ತೆಗೆಯುವವನು, ಮೇಲಾಗಿ ಕಮ್ಯುನಿಸ್ಟ್. 1967ರ ತನಕ ಕುರ್ಚಿ ಬಿಡಲಿಲ್ಲ. ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಪುರುಷರ ತಂಡಕ್ಕೆ ಕೊಡುವ ಸ್ವೇಥ್ಲಿಂಗ್ ಕಪ್ ಅವನ ತಾಯಿ ಕೊಟ್ಟಿದ್ದು. ಅಮ್ಮನ ಕಪ್, ಮಗನ ಸಂಸ್ಥೆ. ನಮ್ಮ ಕಡೆಯ ಯೂತ್ ಕ್ಲಬ್ಬುಗಳೂ ಹೀಗೇ ತಾನೇ ಶುರುವಾಗುವುದು? ಈಗ ಅದರಲ್ಲಿ 220ಕ್ಕೂ ಜಾಸ್ತಿ ಸದಸ್ಯ ಸಂಸ್ಥೆಗಳಿವೆ, 2021ರಿಂದ ಅಧ್ಯಕ್ಷೆ ಸ್ವೀಡನ್ನಿನ ಪೆಟ್ರಾ ಸೋರ್ಲಿಂಗ್, ಆ ಕುರ್ಚಿಯಲ್ಲಿ ಕೂತ ಮೊದಲ ಮಹಿಳೆ.

ಅಷ್ಟರಲ್ಲಿ ಅಂಟು ಗಾಜಾಗಿತ್ತು. ಹಿರಿಯರು ರಬ್ಬರಿನ ಮುದ್ರೆ ಇರುವ ಅಂಚನ್ನು ಹಿಡಿಗೆ ತಾಗಿಸಿ ಕೂರಿಸಿ, ನಮ್ಮ ಸ್ಟೀಲ್ ನೀರಿನ ಬಾಟಲಿಯನ್ನೇ ಲಟ್ಟಣಿಗೆ ಮಾಡಿ ಉರುಳಿಸಿದರು. ಆಮೇಲೆ ಬ್ಯಾಟ್ ಬೋರಲು ಹಾಕಿ ಸುತ್ತಲೂ ಕತ್ತರಿ ಆಡಿಸಿದರು. ದುಡ್ಡಿನ ಮಾತೆತ್ತಿದ್ದಕ್ಕೆ ಗದರಿದರು. ಕೊನೆಗೆ ಡಬ್ಬಿಯಲ್ಲಿದ್ದ ಚಿತ್ರಾನ್ನ ಕೊಟ್ಟೆ, ತಿಂದರು, "ಒಂಚೂರು ಹುಳಿ ಕಡಿಮೆ" ಅಂದರು. ನನಗೂ ಹಾಗೇ ಅನ್ನಿಸಿತ್ತು, ಅಕ್ಕನಿಗೆ ಹೇಳುವ ಧೈರ್ಯ ಇಲ್ಲ.

ಮ್ಯಾಚ್‌ನಲ್ಲಿ ಹೊಸ ರಬ್ಬರ್ ಪುಟ್ಟಿಯ ಮಾತು ಕೇಳಲಿಲ್ಲ. ಬ್ಯಾಕ್‌ಹ್ಯಾಂಡ್ ಹೊಡೆದಿದ್ದೆಲ್ಲ ಟೇಬಲ್ ದಾಟಿ ಹೋಯಿತು. 3-11, 5-11. ಮೂರನೆಯದರಲ್ಲಿ ಕೈ ಕುದುರಿ 11-9. ನಾಲ್ಕನೆಯದು 10-12. ಅಲ್ಲಿಗೆ ಮುಗಿಯಿತು. ಎದುರಿನ ಹುಡುಗಿ ಬೆಂಗಳೂರಿನವಳೇ, ಅರ್ಚನಾ ಕಾಮತ್ ಫೋಟೋ ಇದ್ದ ಬಾಟಲಿ ಹಿಡಿದುಕೊಂಡಿದ್ದಳು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹೆಣ್ಣುಮಕ್ಕಳ ತಂಡ ಕ್ವಾರ್ಟರ್ ಫೈನಲ್ ತಲುಪಿ ಜರ್ಮನಿಗೆ ಸೋತಾಗ, ಆ ಪಂದ್ಯದಲ್ಲಿ ಭಾರತಕ್ಕೆ ಸಿಕ್ಕ ಒಂದೇ ಗೆಲುವು ಅರ್ಚನಾರದು. ಕೈ ಕುಲುಕುವಾಗ ಇಬ್ಬರೂ ಆ ಬಾಟಲಿ ಬಗ್ಗೆಯೇ ಏನೋ ಮಾತಾಡಿಕೊಂಡರು.

ವಾಪಸ್ ಬಸ್ಸು ಕುಣಿಗಲ್ ದಾಟಿದಾಗ ಪುಟ್ಟಿ ಬ್ಯಾಗಿನಿಂದ ಆ ಹಳೇ ಕಪ್ಪು ರಬ್ಬರ್ ತೆಗೆದು ನನ್ನ ತೊಡೆ ಮೇಲೆ ಇಟ್ಟಳು. "ಮಾಮ, ಇದು ನೀನಿಟ್ಕೋ. ಮುಂದಿನ ಸಲ ನೀಲಿ ಕೊಡಿಸು, ಮುದ್ರೆ ನಾನೇ ನೋಡ್ತೀನಿ."