ಅಂಡ್ಯುಲೇಟರ್ ಒಳಗಿನ ಫಾಯಿಲ್ ತಲೆನೋವು

ಎಲೆಕ್ಟ್ರಾನ್‌ಗಳನ್ನು ಉಂಗುರದಲ್ಲಿ ವೇಗವಾಗಿ ಓಡಿಸಿ ಎಕ್ಸ್-ರೇಯಂಥ ಬೆಳಕು ಪಡೆಯುವ ಸಿಂಕ್ರೊಟ್ರಾನ್ ಅಂದ ಕೂಡಲೇ ಎಲ್ಲರೂ ಅದರ ಬೆಳಕನ್ನು ಹೊಗಳುತ್ತಾರೆ. ನನಗೆ ಜಾಸ್ತಿ ಕುತೂಹಲ ಇರುವುದು ಆ ಬೆಳಕು ಹುಟ್ಟಿಸುವ ಅಂಡ್ಯುಲೇಟರ್ ಅನ್ನುವ ಯಂತ್ರದ ಮೇಲೆ, ಅದರಲ್ಲೂ ಅದರೊಳಗಿನ ಒಂದು ತೆಳು ಲೋಹದ ಹಾಳೆಯ ಮೇಲೆ.

ಅಂಡ್ಯುಲೇಟರ್‌ನಲ್ಲಿ ದಿಕ್ಕು ಬದಲಿಸುತ್ತಾ ಜೋಡಿಸಿದ ಅಯಸ್ಕಾಂತಗಳ ಸಾಲು ಮೇಲೊಂದು, ಕೆಳಗೊಂದು ಇರುತ್ತದೆ. ನಡುವಿನ ಸಂದಿಯಲ್ಲಿ ಎಲೆಕ್ಟ್ರಾನ್‌ಗಳು ಹಾವಿನ ಹಾಗೆ ಬಳುಕುತ್ತಾ ಓಡಿ ಎಕ್ಸ್-ರೇ ಹೊಮ್ಮಿಸುತ್ತವೆ. ಸಂದಿ ಕಿರಿದಾದಷ್ಟೂ ಕಾಂತಕ್ಷೇತ್ರ ಜೋರು. ಅಯಸ್ಕಾಂತಗಳ ಜೋಡಣೆ 32 ಮಿ.ಮೀ.ಗೊಮ್ಮೆ ಮರುಕಳಿಸುತ್ತದೆ ಅಂತಿಟ್ಟುಕೊಳ್ಳಿ, ಸಂದಿಯನ್ನು 11ರಿಂದ 7 ಮಿ.ಮೀ.ಗೆ ಇಳಿಸಿದರೆ ಕ್ಷೇತ್ರ ಸುಮಾರು ಒಂದೂವರೆ ಪಟ್ಟಾಗುತ್ತದೆ. ಆದರೆ ಆ ಸಂದಿಯಲ್ಲಿ ಎಲೆಕ್ಟ್ರಾನ್‌ಗಳು ಓಡುವ ನಿರ್ವಾತ (ಗಾಳಿಯಿಲ್ಲದ) ಕೊಳವೆ ಕೂತಿದ್ದರೆ ಅದರ ಗೋಡೆಯೇ ಜಾಗ ತಿನ್ನುತ್ತದೆ. ಅಯಸ್ಕಾಂತಗಳನ್ನೇ ನಿರ್ವಾತದೊಳಗೆ ಇಟ್ಟುಬಿಟ್ಟರೆ ಆಯಿತಲ್ವಾ? ಜಪಾನಿನಲ್ಲಿ ಹಿದಿಯೊ ಕಿತಮುರಾ ಮತ್ತು ಸಂಗಡಿಗರು ಈ ದಾರಿ ಹಿಡಿದರು. ಅಲ್ಲಿನ ಸ್ಪ್ರಿಂಗ್-8 ಸಿಂಕ್ರೊಟ್ರಾನ್‌ನಲ್ಲಿ ಅದು ರೂಢಿಯೇ ಆಯಿತು.

ಇಂಥವು ಸಾಮಾನ್ಯವಾಗಿ ಕೊಡುವುದು ಒಂದೇ ದಿಕ್ಕಿನ ಪೋಲರೈಸೇಶನ್, ಅಂದರೆ ಬೆಳಕಿನ ಅಲೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಕಬ್ಬಿಣ, ಕೋಬಾಲ್ಟ್‌ನ ಕಾಂತಗುಣ ನೋಡುವವರಿಗೆ ಎಡಕ್ಕೂ ಬಲಕ್ಕೂ ಸುತ್ತುವ ಎಕ್ಸ್-ರೇ ಬೇಕು, ಯಾಕೆಂದರೆ ಕಾಂತೀಯ ವಸ್ತು ಎರಡನ್ನೂ ಒಂದೇ ಪ್ರಮಾಣದಲ್ಲಿ ಹೀರುವುದಿಲ್ಲ. ಇದಕ್ಕೆ ಶಿಗೆಮಿ ಸಸಾಕಿ 1990ರ ದಶಕದಲ್ಲಿ ಕೊಟ್ಟ ಆಪಲ್-2 ವಿನ್ಯಾಸವಿದೆ. ಅದರಲ್ಲಿ ನಾಲ್ಕು ಸಾಲು. ಮೂಲೆಗೆ ಮೂಲೆಯಾಗಿ ಎದುರಿರುವ ಎರಡನ್ನು ಉದ್ದಕ್ಕೆ ಸರಿಸಿದರೆ ಪೋಲರೈಸೇಶನ್ ಬದಲಾಗುತ್ತದೆ. ಜಾಣ ಉಪಾಯ.

ಈಗ ನಿರ್ವಾತದೊಳಗಿನ ಅಯಸ್ಕಾಂತ, ಆಪಲ್-2 ಎರಡನ್ನೂ ಸೇರಿಸಿ ನೋಡಿ. ಅಯಸ್ಕಾಂತಗಳ ಸೆಳೆತ ಕ್ಷೇತ್ರದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಮೇಲಿನ ಲೆಕ್ಕದಲ್ಲಿ ಎರಡು ಪಟ್ಟಿಗೂ ಜಾಸ್ತಿ. ಸಾಲು ಸರಿಸಿದ ಹಾಗೆಲ್ಲ ಅದರ ದಿಕ್ಕೂ ಬದಲಾಗುತ್ತದೆ. ಬರ್ಲಿನ್‌ನ ಬೆಸ್ಸಿ-2 ಸಿಂಕ್ರೊಟ್ರಾನ್‌ಗಾಗಿ ರೂಪಿಸಿದ, ಎರಡನ್ನೂ ಸೇರಿಸಿದ ಐವಿಯುಇ32 ಅಂಡ್ಯುಲೇಟರ್‌ನಲ್ಲಿ ಈ ಬಲವನ್ನು ಸರಿದೂಗಿಸಲೆಂದೇ ಬೇರೆ ಅಯಸ್ಕಾಂತಗಳನ್ನು ಸೇರಿಸುವ ಯೋಜನೆ ಮಾಡಿದರು.

ಇನ್ನು ಆ ಹಾಳೆ. ಎಲೆಕ್ಟ್ರಾನ್ ಗುಂಪು ಹಾದುಹೋಗುವಾಗ ಪಕ್ಕದ ಲೋಹದಲ್ಲೂ ಅದರ ಜೊತೆಗೇ ಕರೆಂಟ್ ಹರಿಯುತ್ತದೆ. ಅಯಸ್ಕಾಂತಗಳ ಮೈ ಏರುಪೇರಾಗಿದ್ದರೆ ಬಿಸಿಯಾಗುತ್ತದೆ, ಎಲೆಕ್ಟ್ರಾನ್‌ಗಳ ಓಟವೂ ಕೆಡುತ್ತದೆ. ಅದಕ್ಕೇ ಮೇಲೆ ತಾಮ್ರ-ನಿಕ್ಕಲ್‌ನ ತೆಳು ಫಾಯಿಲ್ ಹೊದಿಸುತ್ತಾರೆ: ಕರೆಂಟ್ ತಾಮ್ರದಲ್ಲಿ ಹರಿಯುತ್ತದೆ, ನಿಕ್ಕಲ್ ಅಯಸ್ಕಾಂತಕ್ಕೆ ಅಂಟಿಕೊಂಡು ಹಾಳೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಆದರೆ ಆಪಲ್-2ರಲ್ಲಿ ಪಕ್ಕಪಕ್ಕದ ಸಾಲುಗಳು ಬೇರೆಬೇರೆಯಾಗಿ ಜಾರಬೇಕು. ಒಂದೇ ಹಾಳೆ ಎರಡಕ್ಕೂ ಹೊದಿಸಲು ಆಗುವುದಿಲ್ಲ, ಸೀಳಬೇಕು. ಆ ಸೀಳು ಬರುವುದು ಸರಿಯಾಗಿ ಎಲೆಕ್ಟ್ರಾನ್‌ಗಳ ನೆತ್ತಿಯ ಮೇಲೆ! ತುದಿಗಳಲ್ಲಿ ಸಾಲುಗಳನ್ನು ಪಕ್ಕದ ಕೊಳವೆಗೆ ಸೇರಿಸುವ ಲೋಹದ ಪಟ್ಟಿಗಳಿಗೂ ಇದೇ ಗೋಳು, ಸಂದಿ ಏರಿಳಿದಾಗಲೂ ಬಾಗಬೇಕು, ಸಾಲು ಸರಿದಾಗಲೂ ಹೊಂದಿಕೊಳ್ಳಬೇಕು.

ಗೋಂದು ಹಾಕಿ ಅಂಟಿಸೋಣ ಅಂದರೆ ಅದು ನಿರ್ವಾತದಲ್ಲಿ ಅನಿಲ ಬಿಡುತ್ತದೆ. ಅನಿಲ ಓಡಿಸಲು ಚೆನ್ನಾಗಿ ಕಾಯಿಸೋಣ ಅಂದರೆ ನಿಯೋಡಿಮಿಯಂ ಅಯಸ್ಕಾಂತ ಶಕ್ತಿ ಕಳೆದುಕೊಳ್ಳುತ್ತದೆ. ಎಲ್ಲಾ ಮುಗಿಸಿ ಕ್ಷೇತ್ರ ಅಳೆಯೋಣ ಅಂದರೆ ಪಕ್ಕದಿಂದ ಹಾಲ್ ಪ್ರೋಬ್ (ಕಾಂತಕ್ಷೇತ್ರ ಅಳೆಯುವ ಸಾಧನ) ತೂರಿಸಲು ಸುತ್ತಲಿನ ನಿರ್ವಾತದ ಪೆಟ್ಟಿಗೆ ಬಿಡುವುದಿಲ್ಲ. ಸ್ಪ್ರಿಂಗ್-8ರವರು ಇದಕ್ಕಾಗಿ ಪ್ರೋಬನ್ನು ಪೆಟ್ಟಿಗೆಯೊಳಗೇ ಓಡಿಸಿ, ಅದು ದಾರಿ ತಪ್ಪದಂತೆ ಲೇಸರ್‌ನಿಂದ ನೋಡಿಕೊಳ್ಳುವ ಸಫಾಲಿ ಅನ್ನುವ ವ್ಯವಸ್ಥೆಯನ್ನೇ ಕಟ್ಟಿದರು.