ಗೊರಿಲ್ಲಾ ಯೋಜನೆ, ಮೂರನೆಯ ಟಿಪ್ಪಣಿ: ಪರ್ಮಿಟ್ ದಕ್ಷಿಣಕ್ಕೆ, ಹಾಸಿಗೆ ಉತ್ತರಕ್ಕೆ

ಉಗಾಂಡಾಕ್ಕೆ ಹೋಗಿ ಕಾಡಿನ ಗೊರಿಲ್ಲಾಗಳನ್ನು ನೋಡುವ ನಮ್ಮ ಯೋಜನೆಯಲ್ಲಿ ಹನ್ನೊಂದು ದಿನ ತಲೆ ತಿಂದ ಸಮಸ್ಯೆಯೊಂದು ನಿನ್ನೆ ರಾತ್ರಿ ಒಂದೂವರೆ ಗಂಟೆಗೆ ಬಗೆಹರಿಯಿತು. ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಕಳೆದ ಟಿಪ್ಪಣಿಯನ್ನು ‘ಇನ್ನು ಚೀಲ ಕಟ್ಟುವುದಷ್ಟೇ ಬಾಕಿ’ ಎಂದು ಮುಗಿಸಿದ್ದೆ. ಆ ವಾಕ್ಯವನ್ನು ದಯವಿಟ್ಟು ಯಾರೂ ನೆನಪಿಸಬಾರದು.

ವಿಮಾನದ ಟಿಕೆಟ್, ರಜೆಯ ಅರ್ಜಿ, ಬೂಟು ಪಳಗಿಸುವುದು ಇವನ್ನೆಲ್ಲ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಾವು ನಾಲ್ವರು: ನಾನು, ಹೆಂಡತಿ, ಭಾವ ಮತ್ತು ನವೆಂಬರಿನಲ್ಲಿ ಹದಿನೈದು ತುಂಬುವ ಮಗ. ಹದಿನೈದಕ್ಕಿಂತ ಕಿರಿಯರನ್ನು ಗೊರಿಲ್ಲಾಗಳ ಬಳಿಗೆ ಬಿಡುವುದಿಲ್ಲವಾದ್ದರಿಂದ ಈ ಯೋಜನೆ ಎರಡು ವರ್ಷ ಕಪಾಟಿನಲ್ಲೇ ಕುಳಿತಿತ್ತು. ನಮ್ಮ ಶಾಲೆಗಳ ಬೇಸಿಗೆ ರಜೆ ಬರುವ ಹೊತ್ತಿಗೆ ಉಗಾಂಡಾದ ಬ್ವಿಂಡಿ ಕಾಡಿನಲ್ಲಿ ದೊಡ್ಡ ಮಳೆಗಾಲ, ದಸರಾ ರಜೆಗೆ ಸಣ್ಣ ಮಳೆಗಾಲ. ಹಾಗಾಗಿ ಉಳಿದದ್ದು ಡಿಸೆಂಬರಿನ ಕೊನೆಯ ವಾರವೊಂದೇ. ಆ ವಾರ ಪ್ರಪಂಚದ ಅರ್ಧದಷ್ಟು ಜನಕ್ಕೂ ರಜೆ ಇರುತ್ತದೆ ಎಂಬುದೇ ಮುಂದಿನ ಕಥೆಯ ಬೀಜ.

ಗೊರಿಲ್ಲಾ ನೋಡಲು ರುವಾಂಡಾದಲ್ಲಿ ಒಬ್ಬರ ಪರ್ಮಿಟ್‌ಗೆ 1500 ಡಾಲರ್, ಉಗಾಂಡಾದಲ್ಲಿ 800. ನಾಲ್ವರಿಗೆ ಲೆಕ್ಕ ಹಾಕಿದರೆ ವ್ಯತ್ಯಾಸ 2800 ಡಾಲರ್ ಆಗುತ್ತದೆ, ಆದ್ದರಿಂದ ಈ ವಿಷಯದಲ್ಲಿ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ಮೂಲ ಯೋಜನೆ ಸರಳವಾಗಿತ್ತು: ಎಂಟೆಬೆಯಲ್ಲಿ ಇಳಿದು, ಕ್ವೀನ್ ಎಲಿಜಬೆತ್ ಉದ್ಯಾನದಲ್ಲಿ ಕಝಿಂಗಾ ಕಾಲುವೆಯ ದೋಣಿ ಮುಗಿಸಿ, ಅದೇ ಉದ್ಯಾನದ ದಕ್ಷಿಣ ತುದಿಯ ಇಶಾಶಾದಲ್ಲಿ ಮರವೇರಿ ಮಲಗುವ ಸಿಂಹಗಳನ್ನು ನೋಡಿ, ಅಲ್ಲಿಂದ ಎರಡು ಗಂಟೆಯ ದಾರಿಯಲ್ಲಿ ಬ್ವಿಂಡಿಯ ಬಾಗಿಲಾದ ಬುಹೋಮಾ ತಲುಪಿ, ಮರುದಿನ ಬೆಳಿಗ್ಗೆ ಕಾಡು ಹತ್ತುವುದು. ಬುಹೋಮಾದಲ್ಲಿ ಕೊಠಡಿಗೆ ಮುಂಗಡ ಕಟ್ಟಿದೆ. ಪರ್ಮಿಟ್ ಕೆಲಸವನ್ನು ಒಬ್ಬ ಏಜೆಂಟರಿಗೆ ಒಪ್ಪಿಸಿದೆ.

ಪರ್ಮಿಟ್ ಬಂತು. ದಿನಾಂಕ 28 ಡಿಸೆಂಬರ್, ಸರಿಯಾಗಿಯೇ ಇತ್ತು. ಪಾಸ್‌ಪೋರ್ಟ್ ಸಂಖ್ಯೆಗಳೂ ಸರಿಯಿದ್ದವು. ಕಾಡಿನ ಯಾವ ಭಾಗ ಎಂದು ಹೇಳುವ ಸೆಕ್ಟರ್ ಎಂಬ ಪದದ ಮುಂದೆ ಮಾತ್ರ ‘ರುಷಾಗಾ’ ಎಂದಿತ್ತು.

ಬ್ವಿಂಡಿಯನ್ನು ನಕ್ಷೆಯಲ್ಲಿ ನೋಡಿದವರಿಗೆ ಇದರ ಸಂಕಟ ಅರ್ಥವಾಗುತ್ತದೆ. ಇಡೀ ಉದ್ಯಾನವೇ 321 ಚದರ ಕಿಲೋಮೀಟರ್, ಅಂದರೆ ನಮ್ಮ ಬಂಡೀಪುರದ ಅರ್ಧಕ್ಕಿಂತಲೂ ಕಡಿಮೆ. ಚಾರಣಕ್ಕೆ ನಾಲ್ಕು ಬಾಗಿಲುಗಳಿವೆ: ವಾಯವ್ಯದಲ್ಲಿ ಬುಹೋಮಾ, ಪೂರ್ವದಲ್ಲಿ ರುಹಿಜಾ, ದಕ್ಷಿಣದಲ್ಲಿ ರುಷಾಗಾ ಮತ್ತು ಎನ್ಕುರಿಂಗೊ. ಬುಹೋಮಾದಿಂದ ರುಷಾಗಾಕ್ಕೆ ನಕ್ಷೆಯಲ್ಲಿ ಗೇಣುದ್ದವೂ ಇಲ್ಲ. ಆದರೆ ನಡುವೆ ಇರುವುದು ಹೆಸರಿನಲ್ಲೇ ‘ಅಭೇದ್ಯ’ ಎಂದು ಬರೆಸಿಕೊಂಡಿರುವ ಕಾಡು. ಅದರೊಳಗೆ ನೇರ ಮೋಟಾರು ರಸ್ತೆಯಿಲ್ಲ. ಬೆಟ್ಟಗಳನ್ನು ಬಳಸಿ, ರುಹಿಜಾ ಕಡೆಯಿಂದ ಸುತ್ತು ಹಾಕಿ ಹೋಗಬೇಕು. ಎದುರುಗುಡ್ಡದ ಮನೆಯ ದೀಪ ಕಾಣುತ್ತಿದ್ದರೂ ಆ ಮನೆ ತಲುಪಲು ಅರ್ಧ ದಿನ ಹಿಡಿಯುವ ಮಲೆನಾಡಿನವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಪರ್ಮಿಟ್ ರುಷಾಗಾದ್ದಾದರೆ ಬೆಳಿಗ್ಗೆ ಎಂಟರೊಳಗೆ ರುಷಾಗಾದಲ್ಲೇ ಹಾಜರಿರಬೇಕು; ಬುಹೋಮಾದ ಗೇಟಿನಲ್ಲಿ ಅದನ್ನು ತೋರಿಸುವುದೆಂದರೆ ಮೈಸೂರಿನ ಸಿನಿಮಾ ಟಿಕೆಟನ್ನು ಮಂಡ್ಯದ ಟಾಕೀಸಿನಲ್ಲಿ ತೋರಿಸಿದಂತೆ.

ಏಜೆಂಟರ ಉತ್ತರ ಮಾತ್ರ ಅಪೂರ್ವವಾಗಿತ್ತು: ‘ಸರ್, ಅದೇ ಕಾಡು, ಅದೇ ಗೊರಿಲ್ಲಾ.’ ವಾದಿಸುವುದು ಕಷ್ಟ. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ಮನುಷ್ಯರ ಇರುವಿಕೆಗೆ ರೂಢಿ ಮಾಡಿಸಿದ ಕುಟುಂಬಗಳು ಅತಿ ಹೆಚ್ಚು ಇರುವುದು ರುಷಾಗಾದಲ್ಲಿ, ಆದ್ದರಿಂದ ಬೇರೆಡೆ ಭರ್ತಿಯಾದ ಮೇಲೂ ಅಲ್ಲಿ ಸ್ಥಳ ಉಳಿದಿರುತ್ತದೆ. ಬುಹೋಮಾದಲ್ಲಿ ನಾಲ್ಕು ಸ್ಥಾನ ಒಟ್ಟಿಗೆ ಸಿಗದಿದ್ದಾಗ ಈ ಮಹಾಶಯರು ಸಿಕ್ಕಿದ್ದನ್ನು ಕೊಂಡಿದ್ದಾರೆ. ಕೊಂಡದ್ದು ತಪ್ಪಲ್ಲ, ಮೂರು ವಾರ ಹೇಳದೆ ಇದ್ದದ್ದು ತಪ್ಪು.

ಹನ್ನೊಂದು ದಿನ ನಾನು ಮಾಡಿದ್ದಿಷ್ಟು. ಮೊದಲು, ಬುಹೋಮಾದಲ್ಲೇ ಮಲಗಿ ಬೆಳಗಿನ ಜಾವ ಮೂರಕ್ಕೆ ಹೊರಡುವ ಲೆಕ್ಕ ಹಾಕಿದೆ. ಆ ಗುಡ್ಡದ ಮಣ್ಣುರಸ್ತೆಯಲ್ಲಿ, ಕತ್ತಲಲ್ಲಿ, ಮಳೆ ಬಂದಿದ್ದರೆ ಎಂದು ಯೋಚಿಸಿ ಆ ಸಾಲನ್ನು ಅಳಿಸಿದೆ. ಬುಹೋಮಾದಿಂದ ಎನ್ಕುರಿಂಗೊಗೆ ಕಾಡಿನೊಳಗೆ ಹಾದುಹೋಗುವ ಕಾಲುದಾರಿಯಿದೆ, ರೇಂಜರ್ ಜೊತೆ ನಡೆಯಬಹುದು ಎಂದು ಗೊತ್ತಾದಾಗ ಭಾವ ಕುರ್ಚಿಯಿಂದಲೇ ಎದ್ದು ನಿಂತರು. ಅವರ ಮೊಣಕಾಲಿಗೆ ಕಳೆದ ವರ್ಷ ಏನಾಗಿತ್ತೆಂದು ಅಕ್ಕ ಒಳಗಿನಿಂದ ನೆನಪಿಸಿದ ಮೇಲೆ ಕುಳಿತರು. ನಂತರ ಕೊಠಡಿಯನ್ನು ರುಷಾಗಾಕ್ಕೆ ಬದಲಿಸಿ ಉಳಿದ ಯೋಜನೆಯನ್ನು ಹಾಗೆಯೇ ಇಡಲು ನೋಡಿದೆ. ಇಶಾಶಾದಿಂದ ರುಷಾಗಾಕ್ಕೆ ಬರುವುದರಲ್ಲೇ ಒಂದು ಹಗಲು ಹೋಗುತ್ತದೆ, ಚಾರಣ ಮುಗಿಸಿ ಎಂಟೆಬೆಗೆ ಮರಳಲು ಇನ್ನೊಂದು ಪೂರ್ಣ ಹಗಲು. ಆರು ದಿನದ ಪ್ರವಾಸದಲ್ಲಿ ಮೂರು ದಿನ ಜೀಪಿನ ಸೀಟನ್ನೇ ನೋಡುವುದಾದರೆ ಅದನ್ನು ಬಿ.ಎಂ.ಟಿ.ಸಿ.ಯಲ್ಲಿ ಕಡಿಮೆ ಖರ್ಚಿಗೆ ಮಾಡಬಹುದು.

ನಿನ್ನೆ ರಾತ್ರಿ ಹೊಳೆದದ್ದು ಇದು: ನಾನು ನಕ್ಷೆಯನ್ನು ಸದಾ ಎಂಟೆಬೆಯಿಂದ ಕೆಳಕ್ಕೆ ಓದುತ್ತಿದ್ದೆ. ರುಷಾಗಾ ಇರುವುದು ರುವಾಂಡಾ ಗಡಿಯ ಮಗ್ಗುಲಲ್ಲಿ. ಎಂಟೆಬೆಯಿಂದ ಒಂಬತ್ತು ಹತ್ತು ಗಂಟೆಯಾದರೆ, ರುವಾಂಡಾದ ರಾಜಧಾನಿ ಕಿಗಾಲಿಯಿಂದ ಗಟುನಾ ಗಡಿ ದಾಟಿ, ಕಬಾಲೆಯ ಮೂಲಕ ನಾಲ್ಕೈದು ಗಂಟೆ. ಹಾಗಿದ್ದರೆ ಸಿಂಹಗಳನ್ನೂ ಉಗಾಂಡಾದಲ್ಲೇ ನೋಡಬೇಕೆಂದು ಯಾರು ಹೇಳಿದರು? ಕಿಗಾಲಿಯಿಂದ ಪೂರ್ವಕ್ಕೆ ಎರಡೂವರೆ ಗಂಟೆ ಹೋದರೆ ಅಕಗೇರಾ. 1934ರಲ್ಲಿ ಸ್ಥಾಪನೆಯಾದ ಈ ಉದ್ಯಾನದಲ್ಲಿ ಸಿಂಹಗಳು ಪೂರ್ಣವಾಗಿ ಅಳಿದುಹೋಗಿದ್ದವು. 2015ರಲ್ಲಿ ದಕ್ಷಿಣ ಆಫ್ರಿಕಾದಿಂದ ಏಳನ್ನು ತಂದುಬಿಟ್ಟರು, 2017ರಲ್ಲಿ ಕಪ್ಪು ಘೇಂಡಾಮೃಗಗಳು ಬಂದವು, 2021ರಲ್ಲಿ ಮೂವತ್ತು ಬಿಳಿ ಘೇಂಡಾಮೃಗಗಳು ವಿಮಾನದಲ್ಲಿ ಬಂದಿಳಿದವು. ಮರ ಹತ್ತುವ ಸಿಂಹ ತಪ್ಪಿತು, ಘೇಂಡಾ ಸಿಕ್ಕಿತು. ಈ ವಿನಿಮಯಕ್ಕೆ ಮಗನ ಒಪ್ಪಿಗೆ ಎರಡೇ ಸೆಕೆಂಡಿನಲ್ಲಿ ದೊರೆಯಿತು. ಪೂರ್ವ ಆಫ್ರಿಕಾ ಪ್ರವಾಸಿ ವೀಸಾ 100 ಡಾಲರಿಗೆ ರುವಾಂಡಾ, ಉಗಾಂಡಾ, ಕೀನ್ಯಾ ಮೂರಕ್ಕೂ ಸಲ್ಲುತ್ತದೆ; ಮೊದಲು ಕಾಲಿಡುವ ದೇಶದಿಂದಲೇ ಪಡೆಯಬೇಕು, ಅಷ್ಟೇ.

ಹೀಗೆ ಬೀಗುತ್ತ 27ನೇ ತಾರೀಕಿನ ಹಾಳೆ ತುಂಬಿಸಿದೆ: ಅಕಗೇರಾದಿಂದ ಬೆಳಿಗ್ಗೆ ಆರಕ್ಕೆ ಹೊರಟರೆ ಎಂಟೂವರೆಗೆ ಕಿಗಾಲಿ, ಹತ್ತೂವರೆಗೆ ಗಡಿ, ಗಡಿಯಲ್ಲಿ ಒಂದು ಗಂಟೆ, ಆಮೇಲೆ ಎರಡೂವರೆ ಗಂಟೆ, ಮಧ್ಯಾಹ್ನ ಎರಡಕ್ಕೆ ರುಷಾಗಾ. ಮಲಗುವ ಮುನ್ನ ಏನೋ ಚುಚ್ಚಿತು. ರುವಾಂಡಾದ ಗಡಿಯಾರ ಉಗಾಂಡಾಕ್ಕಿಂತ ಒಂದು ಗಂಟೆ ಹಿಂದೆ! ನಾನು ಎರಡು ಎಂದು ಬರೆದಾಗ ರುಷಾಗಾದಲ್ಲಿ ಮೂರು. ಮೂರಾದರೂ ಅಡ್ಡಿಯಿಲ್ಲ, ಬೆಳಕಿರುತ್ತದೆ. ಆದರೆ ಇದೇ ತಪ್ಪನ್ನು ಚಾರಣದ ಬೆಳಿಗ್ಗೆ ಅಲಾರಂನಲ್ಲಿ ಮಾಡಿದ್ದರೆ 3200 ಡಾಲರ್ ಹಾಸಿಗೆಯಲ್ಲೇ ಕರಗುತ್ತಿತ್ತು. ಗಡಿ ದಾಟುವಾಗ ರಸ್ತೆಯ ಬದಿಯೂ ಬದಲಾಗುತ್ತದೆ, ರುವಾಂಡಾದಲ್ಲಿ ಬಲಕ್ಕೆ, ಉಗಾಂಡಾದಲ್ಲಿ ಎಡಕ್ಕೆ. ಬಾಡಿಗೆ ವಾಹನಕ್ಕೆ ಕೊಮೆಸಾ ಹಳದಿ ಕಾರ್ಡ್ ಎಂಬ ಗಡಿಯಾಚೆಯ ವಿಮೆ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿದ್ದೇನೆ. ‘ಎಲ್ಲ ಇದೆ ಸರ್’ ಎಂಬ ಉತ್ತರವನ್ನು ಈ ಮನೆಯಲ್ಲಿ ಇನ್ನು ಸ್ವೀಕರಿಸುವುದಿಲ್ಲ.

ಸಣ್ಣಪುಟ್ಟ ಲೆಕ್ಕಗಳು. ಹಳದಿಜ್ವರದ ಲಸಿಕೆ ಆಯಿತು. ಒಂದು ಸೀಸೆಯಲ್ಲಿ ಹಲವರ ಡೋಸ್ ಇದ್ದು, ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕಾದ್ದರಿಂದ ನಿಗದಿತ ದಿನಕ್ಕೆ ಜನರನ್ನು ಕೂಡಿಹಾಕುತ್ತಾರೆ. ಪ್ರಮಾಣಪತ್ರ ಚುಚ್ಚಿಸಿಕೊಂಡ ಹತ್ತನೆಯ ದಿನದಿಂದ ಸಲ್ಲುತ್ತದೆ, ಅದಿಲ್ಲದೆ ಮರಳಿದರೆ ನಮ್ಮದೇ ವಿಮಾನ ನಿಲ್ದಾಣದಿಂದ ಕ್ವಾರಂಟೈನಿಗೆ ಹೋಗಬೇಕಾಗುತ್ತದೆ. ರುವಾಂಡಾದಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ 2008ರಿಂದಲೇ ನಿಷೇಧವಿದೆ. ಆದ್ದರಿಂದ ಚಟ್ನಿಪುಡಿ, ಹುರಿಹಿಟ್ಟು, ಲೆನ್ಸಿನ ಸಿಲಿಕಾ ಜೆಲ್ ಎಲ್ಲವೂ ಅಮ್ಮ ಹೊಲಿದ ಬಟ್ಟೆಚೀಲಗಳಿಗೆ ವರ್ಗವಾಗಿವೆ. ವಿದೇಶಿ ವಿನಿಮಯದವನು ಕೊಟ್ಟ ಕಂತೆಯಲ್ಲಿ ನೂರರ ಏಳು ನೋಟುಗಳು 2006ರ ಸರಣಿಯವು. ನೀಲಿ ಪಟ್ಟಿಯಿಲ್ಲದ ಆ ಹಳೆಯ ನೋಟನ್ನು ಉಗಾಂಡಾದಲ್ಲಿ ಹಲವರು ಮುಟ್ಟುವುದಿಲ್ಲ ಎಂದರೆ, ‘ಡಾಲರ್ ಡಾಲರೇ ಅಲ್ಲವೇ’ ಎಂದ. ಇವನೂ ಏಜೆಂಟರೂ ಒಂದೇ ಗುರುಕುಲದವರಿರಬೇಕು. ಒಂದೊಂದೇ ನೋಟನ್ನು ಬೆಳಕಿಗೆ ಹಿಡಿದು, ಮೂಲೆಯ ಪುಟ್ಟ ಅಂಕಿ ಓದಿ, ಏಳನ್ನೂ ಬದಲಿಸಿಕೊಂಡು ಬಂದೆ.

ಕಾಡಿನೊಳಗೆ ತುರುಚೆಯ ಅಣ್ಣತಮ್ಮಂದಿರು ಯಥೇಚ್ಛವಾಗಿರುವುದರಿಂದ ತೋಟದ ಕೈಗವಸು ಕೊಂಡಿದ್ದೇನೆ. ಕ್ಯಾಮೆರಾ ಅಭ್ಯಾಸ ದರೋಜಿಯಲ್ಲಿ ನಡೆಯಿತು. ಕಪ್ಪು ಕರಡಿಯ ಮುಖದಲ್ಲಿ ಕಣ್ಣು ಉಳಿಸಿ ಉಳಿದದ್ದನ್ನು ಬೂದಿಯಾಗದಂತೆ ತೆಗೆಯಲು ಎಕ್ಸ್‌ಪೋಷರನ್ನು ಮುಕ್ಕಾಲು ಸ್ಟಾಪ್ ಇಳಿಸಬೇಕಾಯಿತು. ಹತ್ತು ಮೀಟರ್ ದೂರದ, ಮರದ ನೆರಳಿನ ಗೊರಿಲ್ಲಾಕ್ಕೂ ಇದೇ ಸೂತ್ರದಿಂದ ಶುರುಮಾಡುತ್ತೇನೆ, ಫ್ಲಾಶ್ ಹೇಗೂ ನಿಷಿದ್ಧ.

ಅಂದಹಾಗೆ ನಮ್ಮ ವಿಮಾನ ಬದಲಾಗುವುದು ಅಡಿಸ್ ಅಬಾಬಾದಲ್ಲಿ. ಅಲ್ಲಿಂದ ಸಿಮಿಯೆನ್ ಬೆಟ್ಟಗಳಿಗೆ ಹೋದರೆ ಹುಲ್ಲು ಮೇಯುವ ಗೆಲಾಡಾ ಕೋತಿಗಳ ಹಿಂಡುಗಳೇ ಸಿಗುತ್ತವೆ ಎಂದು ಗೊತ್ತಾದ ಕ್ಷಣದಲ್ಲೇ ಹೊಸ ಹಾಳೆಯೊಂದು ತೆರೆದುಕೊಂಡಿತು. ಮೊದಲ ಅಂಕಣಕ್ಕೆ ಹೆಸರಿಡುವಷ್ಟರಲ್ಲಿ ಹೆಂಡತಿ ಹಿಂದೆ ನಿಂತು, ಶರಾವತಿ ಕಣಿವೆಯ ಸಿಂಗಳೀಕವನ್ನೇ ಇನ್ನೂ ನೋಡಿಲ್ಲ ನೀವು ಎಂದಳು. ಹಾಳೆಯನ್ನು ಮುಚ್ಚಿದೆ. ಅಳಿಸಲಿಲ್ಲ.

ಬುಹೋಮಾದ ಮುಂಗಡದಲ್ಲಿ ಮೂರನೇ ಒಂದು ಭಾಗ ಹೋಯಿತು, ಉಳಿದದ್ದು ಬರುತ್ತಿದೆಯಂತೆ. ರುಷಾಗಾದಲ್ಲಿ ಎರಡು ಕೊಠಡಿ ಇಂದು ಮಧ್ಯಾಹ್ನ ಖಾತ್ರಿಯಾಯಿತು. ಇದನ್ನು ಬರೆಯುತ್ತಿರುವಾಗಲೇ ಏಜೆಂಟರು ಪರ್ಮಿಟ್‌ನ ಹೊಸ ಪ್ರತಿ ಕಳಿಸಿದ್ದಾರೆ. ನಮ್ಮೂರಿನ ಎಷ್ಟೋ ಜನರಂತೆ ಭಾವನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗ ಖಾಲಿಯಿದೆ. ಖಾಲಿ ಬಿಡಬಾರದೆಂದು ಏಜೆಂಟರು ಅಲ್ಲಿ ‘ಬೆಂಗಳೂರು’ ಎಂದು ತುಂಬಿಸಿದ್ದಾರೆ.