ಒಂದೇ '-ಅಲ್ಲಿ', ಇಂಗ್ಲಿಷಲ್ಲಿ ಮೂರು: ಪ್ರಯಾಣದ ಕಾರ್ಡುಗಳು ಕೊನೆಗೂ ದಾರಿಗೆ ಬಂದವು

ಅಂತೂ ಸಿಕ್ಕಿತು! ಇಂಗ್ಲಿಷ್ ಕಲಿಯಲು ನಾನು ಕಾರ್ಡು ಬರೆದಿಟ್ಟುಕೊಳ್ಳುತ್ತೇನೆ: ಮುಂದೆ ಕನ್ನಡ ವಾಕ್ಯ, ಹಿಂದೆ ಅದರ ಇಂಗ್ಲಿಷ್. ಮೂರು ವಾರದಿಂದ ಅವುಗಳಲ್ಲಿ ಪ್ರಯಾಣದ ಮಾತುಗಳ ಕಟ್ಟು ಮಾತ್ರ ಮುಂದಕ್ಕೆ ಹೋಗುತ್ತಿರಲಿಲ್ಲ. ಕಾರ್ಡ್ ಮಾಡುವುದು, ಎಷ್ಟು ದಿನಕ್ಕೊಮ್ಮೆ ತಿರುವಿ ಹಾಕುವುದು ಎಲ್ಲ ಇಲ್ಲಿ ಬಿಟ್ಟುಬಿಡುತ್ತೇನೆ.

ತೊಡಕು ಇದ್ದದ್ದು ನಮ್ಮ '-ಅಲ್ಲಿ'ಯದು. ಬಸ್ಸಲ್ಲಿ ಬಂದೆ, ಬಸ್ಸಲ್ಲಿ ನಿದ್ದೆ ಮಾಡಿದೆ, ಕಾರಲ್ಲಿ ಫೋನ್ ಬಿಟ್ಟೆ. ನಮಗೆ ಒಂದೇ ಸಾಕು. ಇಂಗ್ಲಿಷಿಗೆ ಬೈ ಬಸ್, ಆನ್ ದ ಬಸ್, ಇನ್ ದ ಕಾರ್ ಅಂತ ಮೂರು ಬೇಕು. ದೊಡ್ಡ ಗಾಡಿಗೆ ಆನ್, ಚಿಕ್ಕದಕ್ಕೆ ಇನ್ ಅಂತ ಬರೆದಿಟ್ಟುಕೊಂಡೆ. ಬಸ್, ರೈಲು, ವಿಮಾನ, ಹಡಗು ಎಲ್ಲ ಸರಿಹೋಯಿತು. ಸೈಕಲ್ ಬಂತು, ನಿಯಮ ಮಗುಚಿತು! ಅದಕ್ಕಿಂತ ಚಿಕ್ಕ ಗಾಡಿ ಇನ್ಯಾವುದಿದೆ, ಆದರೂ ಆನ್ ಅಲ್ವಾ?

ನಿನ್ನೆ ರಾತ್ರಿ ಹೊಳೆಯಿತು. ಗಾಡಿಯ ಅಳತೆ ಬಿಟ್ಟು, ಕೂತವರು ಹೇಗಿದ್ದಾರೆ ಅಂತ ನೋಡಬೇಕು. ಒಳಗೆ ಎದ್ದು ಓಡಾಡಬಹುದಾದರೆ ಆನ್. ಆಚೀಚೆ ಕಾಲು ಹಾಕಿ ಮೇಲೆ ಕೂರುವುದಾದರೂ ಆನ್, ಕುದುರೆಗೂ ಅದೇ. ಬಗ್ಗಿ ಒಳಗೆ ತೂರಿಕೊಳ್ಳುವ ಕಾರು, ಟ್ಯಾಕ್ಸಿಗೆ ಇನ್. ಹತ್ತಿ ಇಳಿಯುವುದೂ ಹಾಗೇ: ಬಸ್ಸಿಗೆ ಗೆಟ್ ಆನ್, ಗೆಟ್ ಆಫ್, ಕಾರಿಗೆ ಗೆಟ್ ಇನ್, ಗೆಟ್ ಔಟ್ ಆಫ್. ಈಗ ಕಾರ್ಡಿನ ಮುಂದೆ ಕನ್ನಡ ವಾಕ್ಯ ತೆಗೆದುಹಾಕಿ ಸುಮ್ನೆ ಒಂದು ಗೆರೆಚಿತ್ರ ಬರೆದಿದ್ದೇನೆ, ಎಷ್ಟು ಬೇಗ ಬಾಯಿಗೆ ಬರುತ್ತಿದೆ ಅಂದರೆ ನನಗೇ ಖುಷಿ.

ಬೈ ಮಾತ್ರ ಬೇರೆ ಥರ. ಅದಕ್ಕೂ ಗಾಡಿಯ ಹೆಸರಿಗೂ ನಡುವೆ ದ, ಮೈ ಯಾವುದೂ ಬರಬಾರದು. ಬೈ ಕಾರ್ ಸರಿ, ಬೈ ಮೈ ಕಾರ್ ತಪ್ಪು, ಇನ್ ಮೈ ಕಾರ್ ಅನ್ನಬೇಕು. ನಡೆದು ಬಂದರೆ ಬೈ ವಾಕ್ ಅಲ್ಲ, ಆನ್ ಫುಟ್.

ದುಡ್ಡು ಕೊಟ್ಟು ತಂದ ರೆಡಿ ಕಾರ್ಡುಗಳ ಮೇಲೆ ನಿಜಕ್ಕೂ ಸಿಟ್ಟಿದೆ. 'ರೀಚ್ಡ್ ಟು ದ ಏರ್‌ಪೋರ್ಟ್' ಅಂತ ಅಚ್ಚು ಹಾಕಿದ್ದಾರೆ! ನಮ್ಮ '-ಗೆ' ಕಿವಿಯಲ್ಲಿ ಕೂತಿರುವುದಕ್ಕೆ ಆ ಟು ಬಂದಿದೆ. ರೀಚ್ಡ್ ದ ಏರ್‌ಪೋರ್ಟ್, ಅಷ್ಟೇ. ಅರೈವ್ ಆದರೆ ಏರ್‌ಪೋರ್ಟಿಗೆ ಆ್ಯಟ್, ದೇಶಕ್ಕೆ ಇನ್. ಗೋ ಹೋಮ್ ಅನ್ನುವಾಗಲೂ ಟು ಬೇಡ. ಆ ಒಂದು ತಪ್ಪನ್ನು ಬಾಯಿಂದ ಬಿಡಿಸಲು ಒಂದು ವಾರ ಹೋಯಿತು.

ಅಂದಹಾಗೆ ಮುಂದಿನದು '-ಇಂದ'. ಎರಡು ವರ್ಷದಿಂದ ಅಂದರೆ ಫಾರ್, 2010ರಿಂದ ಅಂದರೆ ಸಿನ್ಸ್, ಮನೆಯಿಂದ ಅಂದರೆ ಫ್ರಮ್. ಮೊದಲ 12 ಕಾರ್ಡು ಆಗಲೇ ಬರೆದಾಯಿತು.